ಯುದ್ಧಕಾಲದ ಶೆಡ್ ಕೆಡವುವ ಮುನ್ನ ಫೋಟೋ ತೆಗೆದರೆ ಸಾಕೆ?

ಪ್ರಶ್ನೆ: ಬೆಂಗಳೂರಿನ ಜಾಲಹಳ್ಳಿ ಕಡೆ ಎರಡನೇ ಮಹಾಯುದ್ಧದ ಕಾಲದ್ದು ಎನ್ನುವ ಉದ್ದನೆಯ ಹೆಂಚಿನ ಶೆಡ್ ಒಂದನ್ನು ಕೆಡವುತ್ತಾರಂತೆ. ಒಳಗೆ ಹೋಗಲು ಎರಡು ದಿನ ಅನುಮತಿ ಸಿಕ್ಕಿದೆ. ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಫೋಟೋ ತೆಗೆದಿಟ್ಟರೆ ಸಾಕೆ?

ಉತ್ತರ: ಸಾಲದು. ಗೋಡೆ ಎಷ್ಟು ದಪ್ಪ, ಟ್ರಸ್‌ನಿಂದ ಟ್ರಸ್‌ಗೆ (ಮಾಡನ್ನು ಹೊರುವ ತ್ರಿಕೋನ ಚೌಕಟ್ಟು) ಎಷ್ಟು ಅಂತರ ಎನ್ನುವುದು ಫೋಟೋದಲ್ಲಿ ಸಿಗುವುದಿಲ್ಲ. ಮೊದಲ ದಿನ ಅಳತೆಗೆ, ಎರಡನೆಯ ದಿನ ಫೋಟೋಗೆ ಇಟ್ಟುಕೊಳ್ಳಿ.

ಅನುಮತಿ ಪತ್ರದಲ್ಲಿ ಫೋಟೋ ತೆಗೆಯಬಹುದು ಎಂದು ಸ್ಪಷ್ಟವಾಗಿ ಬರೆದಿದೆಯೇ ನೋಡಿ. ಸೇನೆಯ ಜಾಗವಾದರೆ 1923ರ ಅಧಿಕೃತ ರಹಸ್ಯ ಕಾಯ್ದೆ ಅನ್ವಯಿಸುತ್ತದೆ. ಬಾಯಿಮಾತಿನ ಒಪ್ಪಿಗೆ ಸಾಲದು. ಡ್ರೋನ್ ಯೋಚನೆ ಬಿಟ್ಟುಬಿಡಿ.

ಅಳತೆಗೆ ಇಬ್ಬರು ಬೇಕು. 30 ಮೀಟರ್ ಟೇಪು, 5 ಮೀಟರ್ ಟೇಪು, ತೂಗುಗುಂಡು, ಗಾರೆಯವರ ನೀರುಮಟ್ಟದ ಪೈಪು (ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು), ಸೀಸದ ಕಡ್ಡಿ ಇಷ್ಟಿದ್ದರೆ ಸಾಕು. ಲೇಸರ್ ಅಳತೆಯಂತ್ರ ಒಳಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಬಿಸಿಲಿನಲ್ಲಿ ಅದರ ಚುಕ್ಕಿ ಕಾಣುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲಿ: ಕಿಟಕಿಯಿಂದ ಕಿಟಕಿಗೆ ತುಂಡು ತುಂಡಾಗಿ ಅಳೆಯುತ್ತಾರೆ. ಪ್ರತಿ ತುಂಡಿನಲ್ಲಿ 5 ಮಿ.ಮೀ. ತಪ್ಪಿದರೂ 20 ಕಿಟಕಿಗಳ ಕೊನೆಗೆ 10 ಸೆಂ.ಮೀ. ವ್ಯತ್ಯಾಸ ಬರಬಹುದು. ಟೇಪಿನ ಸೊನ್ನೆಯನ್ನು ಒಂದು ಮೂಲೆಯಲ್ಲಿ ಹಿಡಿದು ಗೋಡೆಯುದ್ದಕ್ಕೂ ಎಳೆದು, ಪ್ರತಿ ಅಂಚನ್ನೂ ಅದೇ ಸೊನ್ನೆಯಿಂದ ಓದಿ. ಪ್ರತಿ ಕೋಣೆಯ ಎರಡೂ ಕರ್ಣ ಅಳೆಯಿರಿ. ಮೂಲೆಗಳು 90 ಡಿಗ್ರಿ ಇವೆ ಎಂದು ನಂಬಿದರೆ ನಕ್ಷೆಯ ಕೊನೆಯ ಗೆರೆ ಮೊದಲ ಗೆರೆಗೆ ಬಂದು ಸೇರುವುದಿಲ್ಲ.

ನೀರುಮಟ್ಟದಿಂದ ಗೋಡೆಗಳ ಮೇಲೆ ಒಂದೇ ಎತ್ತರದ ಗುರುತು ಹಾಕಿಕೊಳ್ಳಿ. ಹೊಸಿಲು, ಕಿಟಕಿ ತಳ, ಸೂರು, ಮಾಡಿನ ತುದಿ ಎಲ್ಲವನ್ನೂ ಆ ಗೆರೆಯಿಂದ ಮೇಲೆ ಕೆಳಗೆ ಅಳೆಯಿರಿ. ಇದರಿಂದ ಅಡ್ಡಸೀಳು ನಕ್ಷೆ, ಅಂದರೆ ಕಟ್ಟಡವನ್ನು ಅಡ್ಡಲಾಗಿ ಕೊಯ್ದಂತೆ ತೋರಿಸುವ ಚಿತ್ರ, ಸಿಗುತ್ತದೆ. ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ಹಾಳೆ ಅದೇ: ಕಟ್ಟಡ ಹೇಗೆ ನಿಂತಿತ್ತು ಎಂದು ಹೇಳುವುದು ಅದೊಂದೇ. ಇಡೀ ನಕ್ಷೆಗೆ 1:50, ಟ್ರಸ್ ಸೇರುವ ಜಾಗಕ್ಕೆ 1:10 ಪ್ರಮಾಣ ಹೊಂದುತ್ತದೆ.

ಓದಿದ್ದನ್ನು ಮಿ.ಮೀ.ನಲ್ಲೇ ಬರೆಯಿರಿ, ಆಮೇಲೆ ಅಡಿಗೆ ತಿರುಗಿಸಿ ನೋಡಿ. ಆಗ ಕಟ್ಟುತ್ತಿದ್ದುದು ಅಡಿ-ಅಂಗುಲದಲ್ಲಿ. ಕಂಬಗಳ ಅಂತರ 3048ರ ಸುಮಾರಿಗೆ ಬಂದರೆ ಅದು 10 ಅಡಿ, ಮೂಲದ್ದಿರಬಹುದು. ಪಕ್ಕದ ಕೋಣೆ ಸರಿಯಾಗಿ 3000 ಬಂದರೆ ಮೆಟ್ರಿಕ್ ಪದ್ಧತಿ ತಂದ 1956ರ ಕಾಯ್ದೆಯ ನಂತರ ಸೇರಿಸಿದ್ದೆಂಬ ಅನುಮಾನಕ್ಕೆ ಜಾಗವಿದೆ. ಅದೊಂದೇ ಸಾಕ್ಷಿ ಆಗದು. ಇಟ್ಟಿಗೆಯ ಅಳತೆ, ಸುಣ್ಣದ ಗಾರೆಯೋ ಸಿಮೆಂಟೋ ಎಂಬುದನ್ನೂ ಜೊತೆಗೆ ಬರೆಯಿರಿ. ಹೆಂಚಿನ ಬೆನ್ನಿನ ಅಚ್ಚು, ಉಕ್ಕಿನ ತೊಲೆಯ ಮೇಲಿನ ಉಬ್ಬಕ್ಷರ, ಬಾಗಿಲ ಮೇಲಿನ ಕೋಣೆ ಸಂಖ್ಯೆ ಯಾವುದನ್ನೂ ಬಿಡಬೇಡಿ.

ಗೋಡೆಬರಹ ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಸುಣ್ಣದ ಜೊತೆ ಅಕ್ಷರವೂ ಕಿತ್ತು ಬರುತ್ತದೆ. ಟಾರ್ಚನ್ನು ಗೋಡೆಗೆ ಒತ್ತಿ ಪಕ್ಕದಿಂದ ಬೆಳಕು ಬಿಟ್ಟರೆ ಮಸುಕಾದ ಗೆರೆಯೂ ನೆರಳು ಬಿದ್ದು ಕಾಣುತ್ತದೆ. ಈ ನಗರದಲ್ಲಿ ಇಟಲಿಯ ಯುದ್ಧಕೈದಿಗಳ ಶಿಬಿರಗಳಿದ್ದವು. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ (ಇಂದಿನ ಎಚ್‌ಎಎಲ್) ಯುದ್ಧಕಾಲದಲ್ಲಿ ಅಮೆರಿಕದ ಸೇನೆಗೆ ವಿಮಾನ ದುರಸ್ತಿ ಮಾಡಿಕೊಡುತ್ತಿತ್ತು. ಹಾಗಾಗಿ ಇಂಗ್ಲಿಷ್ ಅಲ್ಲದ ಬರಹವನ್ನೂ ಅರ್ಥವಾಗದಿದ್ದರೂ ಇದ್ದ ಹಾಗೇ ನಕಲು ಮಾಡಿ.

ಫೋಟೋಗಳಲ್ಲಿ ಅಳತೆಪಟ್ಟಿ ಇರಲಿ, ಎಲ್ಲಿ ನಿಂತು ಯಾವ ದಿಕ್ಕಿಗೆ ತೆಗೆದದ್ದೆಂದು ನಕ್ಷೆಯಲ್ಲಿ ಸಂಖ್ಯೆ ಹಾಕಿ. ಕಂಪ್ಯೂಟರಿನಲ್ಲಿ ಮೂರು ಆಯಾಮದ ಮಾದರಿ ಮಾಡಿಸುವುದಾದರೆ ಒಂದು ಚಿತ್ರ ಮುಂದಿನದರ ಮೇಲೆ ಶೇ. 70ರಷ್ಟು ಹೊದ್ದಿರಬೇಕು. ಬರಿ ಬಿಳಿ ಗೋಡೆಯಲ್ಲಿ ಗುರುತಿಲ್ಲದೆ ಮಾದರಿ ಕೆಡುತ್ತದೆ, ಕಾಗದದ ಚೀಟಿ ಅಂಟಿಸಿ. ಛಾವಣಿಯಲ್ಲಿ ಕಲ್ನಾರಿನ (ಆಸ್ಬೆಸ್ಟಾಸ್) ಶೀಟಿದ್ದರೆ ಮುರಿಯಬೇಡಿ, ಧೂಳು ಗುಡಿಸಬೇಡಿ, ಎನ್95 ಮುಖಗವಸು ಇದಕ್ಕೆ ಸಾಲದು, ಪಿ100 ಫಿಲ್ಟರಿನ ಮುಖಗವಸು ತೊಟ್ಟುಕೊಳ್ಳಿ.

ಕೆಡವುವ ದಿನಕ್ಕೂ ಅನುಮತಿ ಕೇಳಿ. ಗೋಡೆಯ ಒಳಗಿನ ಕಟ್ಟಣೆ, ಪಾಯದ ಆಳ ಕಾಣುವುದು ಆಗ ಮಾತ್ರ. ಜೆಸಿಬಿ ನಿಲ್ಲಿಸಿದ ಹತ್ತು ನಿಮಿಷದಲ್ಲಿ, ದೂರದಲ್ಲೇ ನಿಂತು, ಕಂದಕದ ಅಂಚಿಗೆ ಉದ್ದ ಅಳತೆಕೋಲು ಇಳಿಸಿ ಒಂದು ಫೋಟೋ ತೆಗೆದುಕೊಳ್ಳಿ.