ಜಿಂದಾಲ್ ಓಡ್ತಾನೇ ಐತೆ, ಆಟಗಾರರ ಸಂಬಳ ಯಾಕೆ ನಿಂತಿತ್ತು?

ಪ್ರಶ್ನೆ: ನಮ್ಮದು ತೋರಣಗಲ್ಲು ಹತ್ತಿರದ ಹಳ್ಳಿ. ರಾತ್ರಿ ಮಾಳಿಗೆ ಹತ್ತಿದರೆ ಜಿಂದಾಲ್ ಕಾರ್ಖಾನೆಯ ದೀಪಗಳೇ ದೀಪಗಳು. ಬೆಂಗಳೂರು ಎಫ್‌ಸಿ ಇವರದ್ದೇ ಫುಟ್‌ಬಾಲ್ ಕ್ಲಬ್ ಅಲ್ಲವಾ? ಇಷ್ಟು ದೊಡ್ಡ ಸಾಹುಕಾರರು 2025ರಲ್ಲಿ ಆಟಗಾರರ ಸಂಬಳ ನಿಲ್ಲಿಸಿದ್ದು ಯಾಕೆ? ದುಡ್ಡಿರಲಿಲ್ಲ ಅಂದರೆ ನಂಬಬೇಕಾ?

ನಂಬಬೇಡಿ. ದುಡ್ಡಿತ್ತು. ಆದರೆ ಅದು ಕ್ಲಬ್ಬಿನ ದುಡ್ಡಾಗಿರಲಿಲ್ಲ.

ಈ ಪ್ರಶ್ನೆ ನನಗೆ ಹೊಸದಲ್ಲ. ಆ ಆಗಸ್ಟ್‌ನಲ್ಲಿ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಚಹಾ ಕುಡಿಯಲು ನಿಂತರೂ ಇದೇ ಮಾತು. "ಅಣ್ಣಾ, ಒಂದು ದಿನದ ಉಕ್ಕು ಮಾರಿದ್ರೆ ಇಡೀ ಟೀಮಿನ ವರ್ಷದ ಸಂಬಳ ಆಗ್ತೈತೆ, ಇವರದ್ದೇನು ನಾಟಕ" ಎಂದು ನೀಲಿ ಜರ್ಸಿಯ ಹುಡುಗನೊಬ್ಬ ಜಗಳಕ್ಕೇ ನಿಂತಿದ್ದ. ಬೆಂಗಳೂರಿನವರಿಗೆ ಮಾಲೀಕ ಎಂದರೆ ಜರ್ಸಿ ಮೇಲಿನ ಒಂದು ಹೆಸರು. ನಮಗೆ ಹಾಗಲ್ಲ, ಅವರ ಚಿಮಣಿ ಕಣ್ಣೆದುರಿಗೇ ಇದೆ, ಮನೆಗೊಬ್ಬರು ಅಲ್ಲಿ ಶಿಫ್ಟಿಗೆ ಹೋಗುತ್ತಾರೆ. ಸಿಟ್ಟು ಜಾಸ್ತಿ ಬಂದಿದ್ದರಲ್ಲಿ ಆಶ್ಚರ್ಯವಿಲ್ಲ.

ನಮ್ಮೂರಿನ ಜೀನ್ಸ್ ವ್ಯಾಪಾರಸ್ಥರನ್ನೇ ತೆಗೆದುಕೊಳ್ಳಿ. ಹೊಲಿಗೆ ಯೂನಿಟ್ ಅಣ್ಣನ ಹೆಸರಲ್ಲಿ, ವಾಷಿಂಗ್ ಯೂನಿಟ್ ತಮ್ಮನ ಹೆಸರಲ್ಲಿ, ಅಂಗಡಿ ಹೆಂಡತಿಯ ಹೆಸರಲ್ಲಿ ಇರುತ್ತದೆ. ಊರಿನ ಕಣ್ಣಿಗೆ ಎಲ್ಲಾ ಒಂದೇ ಮನೆ. ಬ್ಯಾಂಕಿನವನ ಕಣ್ಣಿಗೆ ಮೂರು ಗಲ್ಲಾ. ಅಂಗಡಿಗೆ ನಷ್ಟವಾದರೆ ಅಣ್ಣ ತನ್ನ ಗಲ್ಲಾದಿಂದ ತೆಗೆದುಕೊಡಬಹುದು, ಕೊಡದೆಯೂ ಇರಬಹುದು. ಜಿಂದಾಲರ ಜೆಎಸ್‌ಡಬ್ಲ್ಯೂ ಬಳಗದ ಕಥೆಯೂ ಇದೇ, ಇನ್ನೂ ಒಂದು ಬಿಗಿಯೊಂದಿಗೆ. ಉಕ್ಕಿನ ಕಂಪನಿ ಷೇರುಪೇಟೆಯಲ್ಲಿರುವಂಥದ್ದು. ನೀವು ನಾಳೆ ಬೆಳಿಗ್ಗೆ ಎರಡು ಷೇರು ಕೊಂಡರೆ ಅದರ ಲಾಭದಲ್ಲಿ ನಿಮಗೂ ಚೂರು ಹಕ್ಕು. ಕ್ಲಬ್ಬನ್ನು 2013ರಲ್ಲಿ ಕಟ್ಟಿದ್ದು ಜೆಎಸ್‌ಡಬ್ಲ್ಯೂ ಸ್ಪೋರ್ಟ್ಸ್ ಎಂಬ ಬೇರೆಯೇ ಕಂಪನಿ. ಉಕ್ಕು ಮಾರಿದ ದುಡ್ಡು ತಾನಾಗಿಯೇ ಹರಿದು ಬಂದು ಸ್ಟ್ರೈಕರ್‌ನ ಖಾತೆಗೆ ಬೀಳುವುದಿಲ್ಲ. ಪ್ರತಿ ವರ್ಷವೂ ಯಾರೋ ಕೂತು, ಈ ವರ್ಷ ಇಷ್ಟು ಹಾಕೋಣ ಎಂದು ನಿರ್ಧಾರ ಮಾಡಬೇಕು.

ಹಾಗಾದರೆ ಕ್ಲಬ್ಬಿನ ಸ್ವಂತ ಸಂಪಾದನೆ ಎಷ್ಟು? ಸುಮ್ಮನೆ ಒಂದು ಲೆಕ್ಕ ಹಾಕೋಣ. ಕಂಠೀರವಕ್ಕೆ ಒಂದು ಪಂದ್ಯಕ್ಕೆ 10,000 ಜನ ಬಂದರು, ತಲೆಗೆ 200 ರೂಪಾಯಿ ಟಿಕೆಟ್ ಅಂದುಕೊಳ್ಳಿ. 20 ಲಕ್ಷ. 13 ತಂಡಗಳ ಲೀಗಿನಲ್ಲಿ ಸ್ವಂತ ನೆಲದ ಪಂದ್ಯಗಳು 12. ಎಲ್ಲಾ ಸೇರಿ 2 ಕೋಟಿ 40 ಲಕ್ಷ, ಅದೂ ಮೈದಾನದ ಬಾಡಿಗೆ, ಪೊಲೀಸ್ ಬಂದೋಬಸ್ತು, ತೆರಿಗೆ ಕಳೆಯುವ ಮೊದಲು. ಇನ್ನು ಕೆಲವು ವರ್ಷಗಳ ಹಿಂದೆ ಒಂದು ತಂಡದ ಆಟಗಾರರ ಸಂಬಳಕ್ಕೆ ಐಎಸ್‌ಎಲ್, ಎಂದರೆ ಬೆಂಗಳೂರು ಆಡುವ ಇಂಡಿಯನ್ ಸೂಪರ್ ಲೀಗ್, ಹಾಕಿದ್ದ ಮಿತಿಯೇ 16.5 ಕೋಟಿ. ವಿಮಾನ, ಹೋಟೆಲು, ಕೋಚು, ಡಾಕ್ಟರು ಬೇರೆ. ಜರ್ಸಿ ಮಾರಾಟ, ಪ್ರಾಯೋಜಕರು, ಲೀಗಿನಿಂದ ಬರುವ ಪಾಲು ಎಲ್ಲಾ ಕೂಡಿಸಿದರೂ ಹಳ್ಳ ತುಂಬುವುದಿಲ್ಲ. ಉಳಿದದ್ದನ್ನು ಮಾಲೀಕ ತನ್ನ ಜೇಬಿನಿಂದ ತುಂಬುತ್ತಾನೆ. ನಮ್ಮ ಕಡೆ ಜಾತ್ರೆಗೆ ಸಾಹುಕಾರರು ದಾಸೋಹ ಮಾಡಿಸುತ್ತಾರಲ್ಲ, ಬಹುಪಾಲು ಹಾಗೆಯೇ. ಉಂಡವರು ಹರಸುತ್ತಾರೆ, ಆದರೆ ಮುಂದಿನ ವರ್ಷವೂ ಹಾಕಲೇಬೇಕು ಎಂದು ಕೇಳಲು ಯಾರ ಕೈಯಲ್ಲೂ ಕಾಗದವಿಲ್ಲ.

ಅದೇ ಜಿಂದಾಲ್ ಮನೆಯವರಿಗೆ ಐಪಿಎಲ್‌ನ ಡೆಲ್ಲಿ ಕ್ಯಾಪಿಟಲ್ಸ್‌ನಲ್ಲಿ ಅರ್ಧ ಪಾಲಿದೆ. ಅಲ್ಲಿ ಸಂಬಳ ನಿಂತಿತೆಂಬ ಸುದ್ದಿ ಕೇಳಿದ್ದೀರಾ? ಅಲ್ಲಿ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಹೋಗಿದ್ದೇ 48,390 ಕೋಟಿಗೆ. ಅದರಲ್ಲಿ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಒಂದು ಟಿಕೆಟ್ಟೂ ಮಾರದಿದ್ದರೂ ಗಲ್ಲಾದಲ್ಲಿ ಸದ್ದಿರುತ್ತದೆ. ಮಾಲೀಕರು ಅವರೇ, ಜೇಬೂ ಅದೇ. ಬೇರೆಯಾಗಿರುವುದು ಲೀಗು.

2025ರಲ್ಲಿ ಮುರಿದದ್ದೂ ಲೀಗೇ. 2010ರ ಡಿಸೆಂಬರ್‌ನಲ್ಲಿ ಭಾರತೀಯ ಫುಟ್‌ಬಾಲ್ ಒಕ್ಕೂಟ ತನ್ನ ವಾಣಿಜ್ಯ ಹಕ್ಕುಗಳನ್ನು ರಿಲಯನ್ಸ್ ಪಾಲುದಾರಿಕೆಯ ಸಂಸ್ಥೆಗೆ 15 ವರ್ಷಕ್ಕೆ, 700 ಕೋಟಿಗೆ ಬರೆದುಕೊಟ್ಟಿತ್ತು. ಆ ಕರಾರು ಮುಗಿಯಬೇಕಿದ್ದದ್ದು 2025ರ ಡಿಸೆಂಬರ್‌ಗೆ. ಸೀಸನ್ನಿನ ನಡುವೆಯೇ ಗುತ್ತಿಗೆ ಮುಗಿಯುವುದಿತ್ತು, ಹೊಸ ಗುತ್ತಿಗೆ ಆಗಿರಲಿಲ್ಲ. ಒಕ್ಕೂಟದ ಸಂವಿಧಾನದ ವ್ಯಾಜ್ಯ ಸುಪ್ರೀಂ ಕೋರ್ಟಿನಲ್ಲಿತ್ತು. ಜುಲೈನಲ್ಲಿ ಲೀಗ್ ನಡೆಸುವವರು ಈ ಸಲದ ಪಂದ್ಯಾವಳಿ ತಡೆಹಿಡಿದಿದ್ದೇವೆ ಎಂದು ಪತ್ರ ಬರೆದರು. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ, ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿದ್ದೇವೆ ಎಂದು ಹೇಳಿತು. ಆಮೇಲೆ ಹೊಸ ಗುತ್ತಿಗೆಗೆ ಟೆಂಡರ್ ಕರೆದಾಗ ನವೆಂಬರ್ ಗಡುವಿಗೆ ಒಬ್ಬನೂ ಬಿಡ್ ಹಾಕಲಿಲ್ಲ. ಗಣಿ ಹರಾಜು ನೋಡಿ ಬೆಳೆದ ನಮಗೆ ಬಿಡ್ ಬಾರದ ಹರಾಜಿನ ಅರ್ಥ ಯಾರೂ ಹೇಳಿಕೊಡಬೇಕಿಲ್ಲ. ಕೊನೆಗೆ 2026ರ ಫೆಬ್ರವರಿಯಲ್ಲಿ ಪಂದ್ಯಗಳನ್ನು ಮೊಟಕು ಮಾಡಿ ಲೀಗ್ ಶುರು ಮಾಡಿದರು.

ಇಷ್ಟು ಹೇಳಿದ್ದಕ್ಕೆ ಮಾಲೀಕರ ವಕಾಲತ್ತು ವಹಿಸಿದ್ದೇನೆ ಎಂದುಕೊಳ್ಳಬೇಡಿ. ಆಟಗಾರ ಸಹಿ ಹಾಕಿದ್ದು ಕ್ಲಬ್ಬಿನ ಜೊತೆ, ಟೆಂಡರ್ ಜೊತೆಗಲ್ಲ. ಲೀಗ್ ಯಾವಾಗ ಎಂಬ ಚಿಂತೆ ಮಾಲೀಕನದು, ತಿಂಗಳ ಕಂತು ಆಟಗಾರನದು. ನಾಲ್ಕಾರು ತಿಂಗಳ ಸಂಬಳದ ಹೊರೆ ಹೊರುವ ತಾಕತ್ತು ಆ ಮನೆತನಕ್ಕೆ ಖಂಡಿತ ಇತ್ತು. ನನ್ನ ಊಹೆಯಲ್ಲಿ ಆ ಹೇಳಿಕೆ ಅರ್ಧ ಲೆಕ್ಕಪತ್ರ, ಅರ್ಧ ಒಕ್ಕೂಟಕ್ಕೆ ಕೊಟ್ಟ ಬಿಸಿ. ಒಂದು ಮಾತು ಮಾತ್ರ ಅವರ ಪರವಾಗಿ ಹೇಳಲೇಬೇಕು: ಕಿರಿಯರ ತಂಡಗಳಿಗೆ, ಮಕ್ಕಳ ತರಬೇತಿ ಶಾಲೆಗಳಿಗೆ ಇದು ತಾಗುವುದಿಲ್ಲ ಎಂದು ಅದೇ ಹೇಳಿಕೆಯಲ್ಲಿ ಬರೆದಿದ್ದರು.

ಚಹಾದಂಗಡಿಯ ಹುಡುಗ ಅಲ್ಲಿಗೇ ಬಿಡಲಿಲ್ಲ. "ಹಂಗಾದ್ರೆ ಅಭಿಮಾನಿಗಳೇ ಮಾಲೀಕರಾಗ್ಬೇಕು ಬಿಡಣ್ಣಾ, ಬಾರ್ಸಿಲೋನಾ ಥರ" ಅಂದ. ಬಾರ್ಸಿಲೋನಾ ಸದಸ್ಯರದ್ದೇ ಕ್ಲಬ್, ಅಧ್ಯಕ್ಷನನ್ನು ಅವರೇ ಚುನಾಯಿಸುತ್ತಾರೆ, ನಿಜ. ಆದರೆ 2021ರ ಆಗಸ್ಟ್‌ನಲ್ಲಿ ಅದೇ ಅಧ್ಯಕ್ಷ ಪತ್ರಕರ್ತರ ಮುಂದೆ ಕೂತು 135 ಕೋಟಿ ಯೂರೋ ಸಾಲವಿದೆ ಎಂದರು. ಸಂಬಳದ ಮಿತಿ ಮೀರಿದ್ದರಿಂದ ಮೆಸ್ಸಿಯನ್ನೇ ಉಳಿಸಿಕೊಳ್ಳಲಾಗಲಿಲ್ಲ. ಓಟು ಕೇಳುವವನು ದೊಡ್ಡ ಆಟಗಾರನನ್ನು ತರುತ್ತೇನೆ ಎಂದು ಭಾಷಣ ಮಾಡುತ್ತಾನೆ, ಸಾಲ ಮುಂದಿನವನ ತಲೆಗೆ. ನಮಗೆ ಇದೂ ಹೊಸದಲ್ಲ.

ಇದಕ್ಕೆ ತದ್ವಿರುದ್ಧ ಮ್ಯಾಂಚೆಸ್ಟರ್ ಯುನೈಟೆಡ್. ಕಾರಟಗಿಯಲ್ಲಿ ಒಬ್ಬ ರೈಸ್ ಮಿಲ್ ಕೊಳ್ಳಲು ಸಾಲ ಎತ್ತಿ, ಆ ಸಾಲವನ್ನು ಮಿಲ್ಲಿನ ಹೆಸರಿಗೇ ಬರೆದು, ಬಡ್ಡಿಯನ್ನು ಮಿಲ್ಲಿನ ಭತ್ತದಿಂದಲೇ ಕಟ್ಟಿಸಿದರೆ ಹೇಗಿರುತ್ತದೆ? 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸುಮಾರು 79 ಕೋಟಿ ಪೌಂಡಿಗೆ ಆ ಕ್ಲಬ್ ಕೊಂಡದ್ದು ಹಾಗೆ, ಹೆಚ್ಚಿನ ಪಾಲು ಸಾಲದಲ್ಲಿ. ಬಡ್ಡಿ ಕಟ್ಟುತ್ತಾ ಬಂದಿದ್ದು ಕ್ಲಬ್ಬು, ಎಂದರೆ ಟಿಕೆಟ್ ಕೊಂಡವರು. 2010ರಲ್ಲಿ ಅಲ್ಲಿನ ಅಭಿಮಾನಿಗಳು ಕೆಂಪು ಬಿಟ್ಟು ಹಳೆಯ ಹಸಿರು-ಹೊಂಬಣ್ಣದ ಶಾಲು ಹೊದ್ದು ಪ್ರತಿಭಟಿಸಿದರು. ಕುಟುಂಬ ಕದಲಲಿಲ್ಲ.

ಜರ್ಮನಿಯವರು ಇವೆರಡರ ನಡುವೆ ಒಂದು ದಾರಿ ಹಿಡಿದಿದ್ದಾರೆ, ನನಗೆ ಅದೇ ಇಷ್ಟ. 1998ರಿಂದ ಅಲ್ಲಿ ನಿಯಮ: ಹೊರಗಿನವರ ದುಡ್ಡು ಬರಲಿ, ಆದರೆ ಮತದಲ್ಲಿ ಅರ್ಧಕ್ಕಿಂತ ಒಂದು ಹೆಚ್ಚು ಕ್ಲಬ್ಬಿನ ಸದಸ್ಯರ ಕೈಯಲ್ಲೇ ಇರಬೇಕು. ಲೆವರ್‌ಕೂಸೆನ್, ವುಲ್ಫ್ಸ್‌ಬರ್ಗ್‌ನಂಥ ಕಾರ್ಖಾನೆ ಊರಿನ ಕ್ಲಬ್ಬುಗಳಿಗೆ ಮಾತ್ರ ವಿನಾಯಿತಿ. ನಮ್ಮ ಹಳ್ಳಿಯ ಸೊಸೈಟಿ ಇದ್ದ ಹಾಗೆ ಅನ್ನಿ: ನೂರು ಎಕರೆಯವನಿಗೂ ಒಂದೇ ಓಟು, ಎರಡು ಎಕರೆಯವನಿಗೂ ಒಂದೇ. 2023ರ ಕೊನೆಯಲ್ಲಿ ಅಲ್ಲಿನ ಲೀಗ್ ತನ್ನ ಪ್ರಸಾರದ ಆದಾಯದಲ್ಲಿ ಪಾಲನ್ನು ಬಂಡವಾಳದಾರರಿಗೆ ಮಾರಲು ಹೊರಟಿತು. ಅಭಿಮಾನಿಗಳು ಕಲ್ಲು ತೂರಲಿಲ್ಲ, ಟೆನಿಸ್ ಚೆಂಡು ಎಸೆದರು. ವಾರಗಟ್ಟಲೆ ಪಂದ್ಯದ ನಡುವೆ ಹಳದಿ ಚೆಂಡಿನ ಮಳೆ. ಕೋಟಿಗಟ್ಟಲೆಯ ಆಟಗಾರರು ಬಗ್ಗಿ ಬಗ್ಗಿ ಚೆಂಡು ಆಯುತ್ತಿದ್ದರು. 2024ರ ಫೆಬ್ರವರಿಯಲ್ಲಿ ಲೀಗ್ ಆ ವ್ಯವಹಾರವನ್ನೇ ಕೈಬಿಟ್ಟಿತು.

ನಮ್ಮಲ್ಲಿ ಅಭಿಮಾನಿಗಳು ಗೆದ್ದ ಉದಾಹರಣೆ ಕೋಲ್ಕತ್ತದ್ದು. ಮೋಹನ್ ಬಾಗಾನ್ ಕ್ಲಬ್ಬಿನ ಹೆಸರಿನ ಮೊದಲಲ್ಲಿ ಮಾಲೀಕರು 2020ರಲ್ಲಿ ತಮ್ಮ ಹಳೆಯ ತಂಡದ ಹೆಸರಾದ ಎಟಿಕೆ ಅಂಟಿಸಿದರು. ಅಭಿಮಾನಿಗಳು ಅದನ್ನು ಕೀಳುವವರೆಗೂ ಬಿಡಲಿಲ್ಲ. 2023ರ ಮಾರ್ಚ್‌ನಲ್ಲಿ ಗೋವಾದ ಫೈನಲ್ ಗೆದ್ದ ರಾತ್ರಿಯೇ ಮಾಲೀಕರು ಹೆಸರು ಬದಲಿಸುವುದಾಗಿ ಸಾರಿದರು. ಆ ಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋತದ್ದು ನಮ್ಮ ಬೆಂಗಳೂರೇ ಎಂಬುದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ.

ಸಂಬಳ ನಿಂತದ್ದಕ್ಕಿಂತ ದೊಡ್ಡ ಪೆಟ್ಟು ತಿಂದವರು ಬೆಂಗಳೂರು ಕಡೆಯವರಲ್ಲ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ರಾಯಚೂರಿನ ನನ್ನ ಗೆಳೆಯ ಹೈದರಾಬಾದಿನ ಗಚ್ಚಿಬೌಲಿ ಮೈದಾನಕ್ಕೆ ಹೋಗಿ ಹೈದರಾಬಾದ್ ಎಫ್‌ಸಿ ಪಂದ್ಯ ನೋಡಿ ರಾತ್ರಿಯೇ ವಾಪಸ್ ಬರುತ್ತಿದ್ದ. ಆ ತಂಡ 2019ರಲ್ಲಿ ಲೀಗಿಗೆ ಬಂದದ್ದೇ ಪುಣೆ ತಂಡ ಮುಚ್ಚಿಹೋದ ಜಾಗಕ್ಕೆ. 2022ರಲ್ಲಿ ಐಎಸ್‌ಎಲ್ ಗೆದ್ದಿತು, ಎರಡೇ ವರ್ಷದಲ್ಲಿ ಸಂಬಳ ಬಾಕಿ ಬಿದ್ದು ವಿದೇಶಿ ಆಟಗಾರರೆಲ್ಲ ಗಂಟುಮೂಟೆ ಕಟ್ಟಿದರು. ಆಮೇಲೆ ಅದನ್ನು ಕೊಂಡವರೂ ಜಿಂದಾಲ್‌ರೇ, ಆದರೆ ತೋರಣಗಲ್ಲಿನ ಜಿಂದಾಲ್ ಅಲ್ಲ, ಬಿ.ಸಿ. ಜಿಂದಾಲ್ ಬಳಗ. 2025ರಲ್ಲಿ ತಂಡವನ್ನು ದಿಲ್ಲಿಗೆ ಸಾಗಿಸಿದರು; ಈಗ ಅದರ ಹೆಸರು ಸ್ಪೋರ್ಟಿಂಗ್ ಕ್ಲಬ್ ದೆಹಲಿ. ಗೆಳೆಯನ ಹಳದಿ ಜರ್ಸಿ ಇನ್ನೂ ಇದೆ. ಮೊನ್ನೆ ಹೋದಾಗ ಅದನ್ನು ಹಾಕಿಕೊಂಡೇ ಬೈಕ್ ತೊಳೆಯುತ್ತಿದ್ದ. "ಏನೋ, ದಿಲ್ಲಿ ಟೀಮಿಗೆ ಸಪೋರ್ಟಾ ಈಗ?" ಅಂದೆ. ಪೈಪು ನನ್ನ ಕಡೆ ತಿರುಗಿಸಿದ.