ಪ್ರಿಂಟ್ ಬರುತ್ತದೆ, ಸ್ಕ್ಯಾನ್ ಯಾಕೆ ಹೋಗುವುದಿಲ್ಲ?

ತಿಂಗಳ 20ನೇ ತಾರೀಖು ಹತ್ತಿರ ಬಂತೆಂದರೆ ದಾವಣಗೆರೆಯ ಆಡಿಟರ್ ಆಫೀಸುಗಳಲ್ಲಿ ಜಿಎಸ್‌ಟಿ ರಿಟರ್ನ್ ಕೆಲಸ ಜೋರಾಗುತ್ತದೆ. ಮಂಡಿಪೇಟೆಯ ವ್ಯಾಪಾರಿಗಳು ಬಿಲ್ಲಿನ ಕಟ್ಟು ತಂದು ಮೇಜಿನ ಮೇಲೆ ಇಡುತ್ತಾರೆ. ಅಂಥ ದಿನ ಪ್ರಿಂಟ್, ಜೆರಾಕ್ಸ್, ಸ್ಕ್ಯಾನ್ ಮೂರನ್ನೂ ಮಾಡುವ ಮೂಲೆಯ ಮಷಿನ್ ಸ್ಕ್ಯಾನ್ ಕಳಿಸುವುದನ್ನು ನಿಲ್ಲಿಸಿದರೆ ಇಡೀ ಆಫೀಸಿನ ಕೆಲಸ ನಿಲ್ಲುತ್ತದೆ. "ಸರ್, ಪ್ರಿಂಟ್ ಬರ್ತಿದೆ, ಜೆರಾಕ್ಸ್ ಬರ್ತಿದೆ, ಸ್ಕ್ಯಾನ್ ಮಾತ್ರ ಹೋಗ್ತಿಲ್ಲ. ಮಷಿನ್ ಕೆಟ್ಟಿದೆಯಾ?" ಎಂದು ಆಫೀಸಿನವರು ಕೇಳುತ್ತಾರೆ.

ಆ ಮಾತಿನಲ್ಲೇ ಅರ್ಧ ಉತ್ತರ ಇದೆ. ಜೆರಾಕ್ಸ್ ಅಂದರೆ ಏನು? ಮಷಿನ್ ಮೊದಲು ಕಾಗದವನ್ನು ಸ್ಕ್ಯಾನ್ ಮಾಡುತ್ತದೆ, ಆಮೇಲೆ ಅದನ್ನೇ ಪ್ರಿಂಟ್ ಮಾಡುತ್ತದೆ. ಜೆರಾಕ್ಸ್ ಸರಿಯಾಗಿ ಬಂದರೆ ಗಾಜಿನ ಕೆಳಗಿನ ಸ್ಕ್ಯಾನರ್ ಚೆನ್ನಾಗಿಯೇ ಇದೆ ಎಂದರ್ಥ. ಕಾಗದದ ಚಿತ್ರ ಮಷಿನ್ ಒಳಗೆ ತಯಾರಾಗಿದೆ. ಅದು ಕಂಪ್ಯೂಟರಿಗೆ ತಲುಪುತ್ತಿಲ್ಲ, ಅಷ್ಟೇ.

ಹಾಗಾದರೆ ಪ್ರಿಂಟ್ ಹೇಗೆ ಬರುತ್ತಿದೆ? ಎರಡೂ ಅದೇ ಕೇಬಲ್ ಮೇಲೆ ತಾನೇ ಓಡಾಡುವುದು? ಹೌದು, ಆದರೆ ಎದುರು ಬದುರು ದಿಕ್ಕಿನಲ್ಲಿ. ಈ ಒಂದು ವಿಷಯ ತಿಳಿದುಕೊಂಡರೆ ಪ್ರಿಂಟರ್ ತಕರಾರಿನ ಬಹುಪಾಲು ಗೊಂದಲ ಕರಗುತ್ತದೆ.

ನೀವು ಪ್ರಿಂಟ್ ಒತ್ತಿದಾಗ ಕಂಪ್ಯೂಟರ್ ಪ್ರಿಂಟರನ್ನು ಹುಡುಕಿಕೊಂಡು ಹೋಗುತ್ತದೆ. ಪ್ರಿಂಟರಿಗೆ 192.168.1.50 ಅನ್ನೋ ಥರದ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್, ಇರುತ್ತದೆ. ಆ ವಿಳಾಸದಲ್ಲಿ, ಸಾಮಾನ್ಯವಾಗಿ 9100ನೇ ಪೋರ್ಟಿನಲ್ಲಿ (ಆ ಮನೆಯ ಒಂದು ಬಾಗಿಲು ಅಂದುಕೊಳ್ಳಿ), ಅದು ಕೆಲಸಕ್ಕೆ ಕಾಯುತ್ತಿರುತ್ತದೆ. ಹೆಚ್ಚಿನ ಆಫೀಸುಗಳಲ್ಲಿ ಅದು ಹೆಸರು ಕೇಳುವುದಿಲ್ಲ, ಪಾಸ್‌ವರ್ಡ್ ಕೇಳುವುದಿಲ್ಲ. ಬಂದಿದ್ದನ್ನು ಹಾಳೆಯ ಮೇಲೆ ಇಳಿಸುತ್ತದೆ.

ಸ್ಕ್ಯಾನ್ ಇದರ ಉಲ್ಟಾ. ನೀವು ಮಷಿನ್ ಮುಂದೆ ನಿಂತು, ಕಾಗದ ಇಟ್ಟು, ಪರದೆ ಮೇಲೆ ಕಂಪ್ಯೂಟರಿನ ಹೆಸರು ಒತ್ತುತ್ತೀರಿ. ಈಗ ಪ್ರಿಂಟರೇ ಕಂಪ್ಯೂಟರನ್ನು ಹುಡುಕಿಕೊಂಡು ಹೋಗಬೇಕು. ಕಂಪ್ಯೂಟರಿನ ವಿಳಾಸ ಗೊತ್ತಿರಬೇಕು. ಶೇರ್ ಮಾಡಿದ ಫೋಲ್ಡರಿನ ಹೆಸರು ಸರಿಯಿರಬೇಕು. ಯೂಸರ್ ನೇಮ್, ಪಾಸ್‌ವರ್ಡ್ ಸರಿಯಿರಬೇಕು. ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್ ಫೈರ್‌ವಾಲ್ 445ನೇ ಪೋರ್ಟಿನಲ್ಲಿ ಒಳಗೆ ಬಿಡಬೇಕು. ಫೋಲ್ಡರಿನಲ್ಲಿ ಬರೆಯಲು ಅನುಮತಿ ಇರಬೇಕು. ಇಷ್ಟರಲ್ಲಿ ಯಾವುದೊಂದು ತಪ್ಪಿದರೂ ಸ್ಕ್ಯಾನ್ ಹೋಗುವುದಿಲ್ಲ. ಪ್ರಿಂಟಿಗೆ ಮಾತ್ರ ಇದ್ಯಾವುದೂ ಬೇಕಾಗಿಲ್ಲ.

ಹೀಗಾಗಿ ಸ್ಕ್ಯಾನ್ ನಿಂತಾಗ ಪ್ರಿಂಟರ್ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕುವುದು ಸುಮ್ನೆ ಟೈಂ ಹಾಳು. ಫೋಲ್ಡರಿಗೆ ಸ್ಕ್ಯಾನ್ ಕಳಿಸುವಾಗ ಮಷಿನ್ ಆ ಡ್ರೈವರನ್ನು ಮುಟ್ಟುವುದೇ ಇಲ್ಲ.

ಮೊದಲು ವಿಳಾಸದ ವಿಷಯ ನೋಡೋಣ. ಪ್ರಿಂಟರ್ ಇದ್ದಕ್ಕಿದ್ದಂತೆ 'ಆಫ್‌ಲೈನ್' ಅಂತ ತೋರಿಸಲು ಅತಿ ಸಾಮಾನ್ಯ ಕಾರಣ ಇದೇ. ಆಫೀಸಿನ ರೂಟರ್ ಎಲ್ಲ ಯಂತ್ರಗಳಿಗೂ ವಿಳಾಸ ಹಂಚುತ್ತದೆ. 1993ರಲ್ಲಿ ರೂಪುಗೊಂಡ ಡಿಎಚ್‌ಸಿಪಿ ಎಂಬ ವ್ಯವಸ್ಥೆ ಇದು. ಬಸ್ ಸ್ಟ್ಯಾಂಡ್ ಎದುರಿನ ಲಾಡ್ಜಿನಲ್ಲಿ ರೂಮು ಕೊಟ್ಟ ಹಾಗೆ, ವಿಳಾಸವೂ ಇಂತಿಷ್ಟು ಹೊತ್ತಿಗೆ ಅಂತಲೇ ಸಿಗುತ್ತದೆ. ಅವಧಿ ಅರ್ಧ ಮುಗಿದಾಗ ಯಂತ್ರ ತಾನೇ ಹೋಗಿ "ಇನ್ನೂ ಇರುತ್ತೇನೆ" ಎಂದು ಮುಂದುವರಿಸಿಕೊಳ್ಳುತ್ತದೆ. ಎಲ್ಲವೂ ಆನ್ ಆಗಿರುವ ತನಕ ಇದು ಸಲೀಸಾಗಿ ನಡೆಯುತ್ತದೆ.

ಮಧ್ಯಾಹ್ನ ಬೆಸ್ಕಾಂ ಕರೆಂಟ್ ಹೋಗಿ ಬಂದಾಗ ತೊಂದರೆ ಶುರು. ಕಡಿಮೆ ಬೆಲೆಯ ಎಷ್ಟೋ ರೂಟರುಗಳು ಯಾರಿಗೆ ಯಾವ ವಿಳಾಸ ಕೊಟ್ಟಿದ್ದೇವೆ ಎಂಬ ಪಟ್ಟಿಯನ್ನು ತಾತ್ಕಾಲಿಕ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತವೆ. ಕರೆಂಟ್ ಹೋದರೆ ಲೆಡ್ಜರ್ ಪೂರ್ತಿ ಖಾಲಿ. ಕರೆಂಟ್ ಬಂದಾಗ ಯಾರು ಮೊದಲು ಕೇಳಿದರೋ ಅವರಿಗೆ ರೂಮು. ನಿನ್ನೆ ಪ್ರಿಂಟರಿಗಿದ್ದ ವಿಳಾಸ ಇವತ್ತು ಯಾರದ್ದೋ ಮೊಬೈಲಿಗೆ ಹೋಗಿರಬಹುದು. ಕಂಪ್ಯೂಟರ್ ಮಾತ್ರ ಹಳೇ ವಿಳಾಸಕ್ಕೇ ಕೆಲಸ ಕಳಿಸುತ್ತಾ ಕೂರುತ್ತದೆ.

ಇನ್ನೊಂದು ರೀತಿಯೂ ಆಗುತ್ತದೆ. ಪ್ರಿಂಟರ್ ಬೇಗ ಎದ್ದು, ರೂಟರ್ ಇನ್ನೂ ಏಳುತ್ತಿದ್ದರೆ ವಿಳಾಸ ಕೊಡುವವರೇ ಇರುವುದಿಲ್ಲ. ಆಗ ಪ್ರಿಂಟರ್ ತನಗೆ ತಾನೇ 169.254 ಎಂದು ಶುರುವಾಗುವ ವಿಳಾಸ ಇಟ್ಟುಕೊಳ್ಳುತ್ತದೆ. ಮಷಿನ್ನಿನ ನೆಟ್‌ವರ್ಕ್ ಮೆನುವಿನಲ್ಲಿ ಈ ಅಂಕಿ ಕಂಡರೆ ಬೇರೆ ಪರೀಕ್ಷೆ ಬೇಡ. ಅದಕ್ಕೆ ರೂಟರ್ ಸಿಕ್ಕಿಲ್ಲ. ಕೇಬಲ್ ನೋಡಿ, ಇಲಿ ಕಡಿದಿದೆಯಾ ನೋಡಿ, ರೂಟರ್ ಪೂರ್ತಿ ಆನ್ ಆದ ಮೇಲೆ ಪ್ರಿಂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಇದಕ್ಕೆ ಕಾಯಂ ಪರಿಹಾರ ಇದೆ. ಪ್ರತಿ ನೆಟ್‌ವರ್ಕ್ ಯಂತ್ರಕ್ಕೂ 12 ಅಕ್ಷರ-ಅಂಕಿಗಳ ಒಂದು ಮ್ಯಾಕ್ ಅಡ್ರೆಸ್ ಇರುತ್ತದೆ. ರೂಟರಿನ ಸೆಟ್ಟಿಂಗಿಗೆ ಹೋಗಿ "ಈ ಮ್ಯಾಕ್ ಅಡ್ರೆಸ್ ಬಂದರೆ ಯಾವಾಗಲೂ ಇದೇ ಐಪಿ" ಎಂದು ಕಾದಿರಿಸಿಬಿಡಬೇಕು. ಪ್ರಿಂಟರಿನ ಮೆನುವಿನಲ್ಲೇ ಸ್ಥಿರ ವಿಳಾಸ ಹಾಕುವವರೂ ಇದ್ದಾರೆ. ತಪ್ಪಲ್ಲ, ಆದರೆ ಆ ಅಂಕಿ ರೂಟರ್ ಹಂಚುವ ಸಾಲಿನಿಂದ ಹೊರಗಿರಬೇಕು. ಇಲ್ಲದಿದ್ದರೆ ರೂಟರ್ ಅದನ್ನೇ ಇನ್ನೊಬ್ಬರಿಗೂ ಕೊಟ್ಟೀತು. ಇಷ್ಟು ಮಾಡಿದವರೂ ಒಂದನ್ನು ಮರೆಯುತ್ತಾರೆ. ಸ್ಕ್ಯಾನ್ ಬಂದು ಬೀಳುವ ಕಂಪ್ಯೂಟರಿನ ವಿಳಾಸವನ್ನೂ ಹೀಗೇ ಕಾದಿರಿಸಬೇಕು ಅಲ್ವಾ? ಮಷಿನ್ನಿನ ಅಡ್ರೆಸ್ ಬುಕ್ಕಿನಲ್ಲಿ ಕಂಪ್ಯೂಟರಿನ ಹಳೇ ಐಪಿ ಕೂತಿದ್ದರೆ ಪ್ರಿಂಟರಿನ ವಿಳಾಸ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ.

ಕೆಲವೊಮ್ಮೆ ಪ್ರಿಂಟರ್ ಸರಿಯಾಗಿದ್ದರೂ ವಿಂಡೋಸ್ 'ಆಫ್‌ಲೈನ್' ಅನ್ನುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್ ಎಂಬ ಭಾಗ ತೆಗೆಯಿರಿ. ಅಲ್ಲಿ ಡಬ್ಲ್ಯುಎಸ್‌ಡಿ ಎಂದಿದ್ದರೆ ವಿಂಡೋಸ್ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಕೂಗಿ ಹುಡುಕುತ್ತಿದೆ ಎಂದರ್ಥ. ವೈಫೈಯಲ್ಲಿ ಆ ಕೂಗು ಬಹಳ ಸಲ ತಲುಪುವುದೇ ಇಲ್ಲ. ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮಾಡಿ, ಕಾದಿರಿಸಿದ ವಿಳಾಸ ಕೊಡಿ. ಆಗಲೂ ಆಫ್‌ಲೈನ್ ಅಂದರೆ ಅದೇ ಪೋರ್ಟಿನ ಸೆಟ್ಟಿಂಗಿನಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಟಿಕ್ ತೆಗೆದು ನೋಡಿ. "ಇದ್ದೀಯಾ?" ಎಂದು ಕೇಳಿದ್ದಕ್ಕೆ ಉತ್ತರ ಬರದಿದ್ದರೆ ವಿಂಡೋಸ್ ಪ್ರಿಂಟರನ್ನೇ ಇಲ್ಲ ಎಂದು ಬರೆದುಬಿಡುತ್ತದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಸಂಗತಿಗೆ ಬರುತ್ತೇನೆ. ದಿಕ್ಕಿನ ವಿಷಯ ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಹದಡಿ ರಸ್ತೆಯಲ್ಲೋ ಎಂ.ಸಿ.ಸಿ. ಬಿ ಬ್ಲಾಕಿನಲ್ಲೋ ಎರಡಂತಸ್ತಿನ ಆಫೀಸು ಅಂದುಕೊಳ್ಳಿ. ಕೆಳಗೆ ಫೈಬರ್ ಇಂಟರ್‌ನೆಟ್ಟಿನ ರೂಟರ್, ಅದಕ್ಕೆ ಜೋಡಿಸಿದ ಪ್ರಿಂಟರ್. ಮಹಡಿ ಮೇಲೆ ವೈಫೈ ಸಿಗುತ್ತಿಲ್ಲವೆಂದು ಇನ್ನೊಂದು ರೂಟರ್ ತಂದು, ಕೆಳಗಿನಿಂದ ಎಳೆದ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ, ಅಂದರೆ ಇಂಟರ್‌ನೆಟ್ ಕೇಬಲ್ ಹಾಕುವ ತೂತಿಗೆ, ಸಿಕ್ಕಿಸುತ್ತಾರೆ. ಇಂಟರ್‌ನೆಟ್ ಬರುತ್ತದೆ, ಎಲ್ಲರಿಗೂ ಸಮಾಧಾನ. ಆದರೆ ಈಗ ಆಫೀಸಿನಲ್ಲಿ ಒಂದಲ್ಲ, ಎರಡು ನೆಟ್‌ವರ್ಕ್ ಇವೆ. ಕೆಳಗಿನ ವಿಳಾಸಗಳು 192.168.1 ಎಂದು ಶುರುವಾಗುತ್ತವೆ, ಮೇಲಿನವು 192.168.0 ಎಂದು.

ಮೇಲಿನ ಕಂಪ್ಯೂಟರ್ ಕೆಳಗಿನ ಪ್ರಿಂಟರಿಗೆ ಕೆಲಸ ಕಳಿಸಬಹುದು. ಮೇಲಿನ ರೂಟರ್ ಅದನ್ನು ತನ್ನದೇ ಹೆಸರಿನಲ್ಲಿ ಕೆಳಗೆ ದಾಟಿಸುತ್ತದೆ. ಹೀಗೆ ವಿಳಾಸ ಬದಲಿಸಿ ದಾಟಿಸುವ ತಂತ್ರಕ್ಕೆ ನ್ಯಾಟ್ ಎನ್ನುತ್ತಾರೆ. ಇಂಥ ಐಪಿ ವಿಳಾಸ 32 ಬಿಟ್ಟಿನದು, ಒಟ್ಟು ಸುಮಾರು 429 ಕೋಟಿ ಮಾತ್ರ. ಅದು ಜಗತ್ತಿಗೆ ಸಾಲುವುದಿಲ್ಲವೆಂದು ಕಂಡಾಗ 1994ರಲ್ಲಿ ನ್ಯಾಟ್ ಮುಂದಿಟ್ಟರು. ಒಳಗಿನಿಂದ ಶುರುವಾದ ಮಾತಿಗೆ ಉತ್ತರವನ್ನು ಅದು ಒಳಗೆ ಬಿಡುತ್ತದೆ. ಹೊರಗಿನಿಂದ ತಾನಾಗಿ ಬಂದದ್ದನ್ನು ಬಿಡುವುದಿಲ್ಲ, ಏಕೆಂದರೆ ಒಳಗೆ ಯಾರಿಗೆ ಕೊಡಬೇಕೆಂದು ಅದಕ್ಕೆ ಗೊತ್ತಿಲ್ಲ. ಕೆಳಗಿನ ಪ್ರಿಂಟರ್ ಸ್ಕ್ಯಾನ್ ಹಿಡಿದು ಮೇಲೆ ಬಂದರೆ ಅದು ಈ ರೂಟರಿಗೆ ಹೊರಗಿನವನೇ. ಪ್ರಿಂಟ್ ಸರಾಗ, ಸ್ಕ್ಯಾನ್ ಪೂರ್ತಿ ಬಂದ್! ಪಾಸ್‌ವರ್ಡ್ ನೂರು ಸಲ ಬದಲಿಸಿದರೂ ಏನೂ ಆಗುವುದಿಲ್ಲ. ಮೇಲಿನ ರೂಟರಿನ ಡಿಎಚ್‌ಸಿಪಿ ನಿಲ್ಲಿಸಿ, ಅದರ ವಿಳಾಸ ಬೇರೆ ಯಾರಿಗೂ ತಾಗದಂತೆ ಬದಲಿಸಿ, ಕೇಬಲನ್ನು ವ್ಯಾನ್ ಬದಲು, ಕಂಪ್ಯೂಟರುಗಳನ್ನು ಜೋಡಿಸುವ ಲ್ಯಾನ್ ಪೋರ್ಟಿಗೆ ಹಾಕಬೇಕು. ರೂಟರಿನಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ಬರೀ ವೈಫೈ ಹರಡುವ ಸೆಟ್ಟಿಂಗ್) ಇದ್ದರೆ ಇನ್ನೂ ಸುಲಭ. ಗೆಸ್ಟ್ ವೈಫೈಗೆ ಸೇರಿದ ಲ್ಯಾಪ್‌ಟಾಪಿನ ಕಥೆ ಬೇರೆ. ಅಲ್ಲಿ ಪ್ರಿಂಟೂ ಸಿಗುವುದಿಲ್ಲ.

ವರ್ಷಗಟ್ಟಲೆ ಚೆನ್ನಾಗಿದ್ದ ಸ್ಕ್ಯಾನ್ ಹೊಸ ಕಂಪ್ಯೂಟರ್ ತಂದ ದಿನವೇ ನಿಂತರೆ ಕಾರಣ ಸಾಮಾನ್ಯವಾಗಿ ಎಸ್‌ಎಂಬಿ. ವಿಂಡೋಸ್ ಫೋಲ್ಡರುಗಳನ್ನು ಹಂಚಿಕೊಳ್ಳುವ ರೀತಿ ಅದು. ಅದರ ಮೊದಲ ಆವೃತ್ತಿಯ ಬೇರು 1980ರ ದಶಕದಲ್ಲಿದೆ. ಅದರಲ್ಲಿದ್ದ ದೋಷಕ್ಕೆ 2017ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು. ಹಾಕಿಕೊಳ್ಳದವರು ಬಹಳ ಇದ್ದರು. ಮೇ 12ರಂದು ವಾನಾಕ್ರೈ ಎಂಬ ಕುತಂತ್ರಾಂಶ ಅದೇ ದೋಷದ ಮೂಲಕ ನುಗ್ಗಿ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳೇ ಮುಂದೆ ಹೋದವು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ, ಹೊಸದಾಗಿ ಹಾಕಿದ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಇರುವುದಿಲ್ಲ. 2024ರ ವಿಂಡೋಸ್ 11 ಆವೃತ್ತಿ, ಅಂದರೆ 24ಎಚ್2, ಇನ್ನೂ ಬಿಗಿ. ಅದರ ಪ್ರೊ ಥರದ ಆಫೀಸು ಆವೃತ್ತಿಗಳು ಬರುವ ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಕೇಳುತ್ತವೆ.

ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಜೆರಾಕ್ಸ್ ಮಷಿನ್ ಕೊಳ್ಳುವ ಆಫೀಸುಗಳು ಜಾಸ್ತಿ. ಅವುಗಳಲ್ಲಿ ಹಳೆಯವು ಕೆಲವಕ್ಕೆ ಎಸ್‌ಎಂಬಿ 1 ಬಿಟ್ಟರೆ ಬೇರೇನೂ ಬರುವುದಿಲ್ಲ. ಆಗ "ಕಂಪ್ಯೂಟರಿನಲ್ಲಿ ಎಸ್‌ಎಂಬಿ 1 ಆನ್ ಮಾಡಿದರೆ ಸರಿಹೋಗುತ್ತದೆ" ಎಂಬ ಸಲಹೆ ಬರುತ್ತದೆ. ಸ್ಕ್ಯಾನ್ ಹೋಗುವುದೂ ನಿಜ. ಆದರೂ ದಯವಿಟ್ಟು ಮಾಡಬೇಡಿ. ಆಡಿಟರ್ ಕಂಪ್ಯೂಟರಿನಲ್ಲಿ ಊರಿನವರ ಪ್ಯಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ಇರುತ್ತವೆ. ಅವರು ನಂಬಿ ಕೊಟ್ಟದ್ದು. ಮಷಿನ್ನಿಗೆ ಹೊಸ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಇದೆಯಾ ಕೇಳಿ. ಇಲ್ಲವಾದರೆ ಪೆನ್ ಡ್ರೈವಿಗೆ ಸ್ಕ್ಯಾನ್ ಮಾಡಿ. ಕಂಪ್ಯೂಟರಿನಲ್ಲಿ ಮಷಿನ್ ಕಂಪನಿಯ ಸ್ಕ್ಯಾನ್ ಸಾಫ್ಟ್‌ವೇರ್ ತೆರೆದು ಅಲ್ಲಿಂದಲೇ ಸ್ಕ್ಯಾನ್ ಒತ್ತುವುದು ಇನ್ನೂ ಒಳ್ಳೆಯದು. ಆಗ ಕಂಪ್ಯೂಟರೇ ಪ್ರಿಂಟರನ್ನು ಹುಡುಕಿಕೊಂಡು ಹೋಗುವುದರಿಂದ ಫೋಲ್ಡರ್ ಶೇರ್, ಪಾಸ್‌ವರ್ಡ್ ಯಾವ ಗೊಡವೆಯೂ ಇಲ್ಲ.

ಪಾಸ್‌ವರ್ಡಿನ ಬಗ್ಗೆ ಎರಡು ಮಾತು. ಯಾರೋ ವಿಂಡೋಸ್ ಪಾಸ್‌ವರ್ಡ್ ಬದಲಿಸಿರುತ್ತಾರೆ, ಮಷಿನ್ನಿನಲ್ಲಿ ಹಳೆಯದೇ ಇರುತ್ತದೆ. ಕಂಪ್ಯೂಟರ್ ತೆರೆಯುವ ನಾಲ್ಕಂಕಿ ಪಿನ್ ಇಲ್ಲಿ ನಡೆಯುವುದಿಲ್ಲ, ನಿಜವಾದ ಪಾಸ್‌ವರ್ಡೇ ಬೇಕು. ಸ್ಕ್ಯಾನಿಗೆಂದೇ ಬೇರೆ ಯೂಸರ್ ಮಾಡಿ, ಒಂದೇ ಫೋಲ್ಡರಿಗೆ ಅನುಮತಿ ಕೊಟ್ಟರೆ ಈ ರಗಳೆ ತಪ್ಪುತ್ತದೆ. ರೂಟರ್ ಬದಲಿಸಿದಾಗ ವಿಂಡೋಸ್ ಅದನ್ನು 'ಪಬ್ಲಿಕ್' ನೆಟ್‌ವರ್ಕ್ ಎಂದುಕೊಂಡು ಫೈರ್‌ವಾಲ್ ಬಿಗಿ ಮಾಡುವುದೂ ಉಂಟು. ಅದನ್ನು 'ಪ್ರೈವೇಟ್' ಮಾಡಿ.

ಇಮೇಲಿಗೆ ಸ್ಕ್ಯಾನ್ ಕಳಿಸುವವರಿಗೆ ಬೇರೆ ಎರಡು ತೊಡಕು. 2022ರ ಮೇ 30ರಿಂದ ಜಿಮೇಲ್ ಬರೀ ಹೆಸರು, ಪಾಸ್‌ವರ್ಡ್ ಕೊಡುವ ಹಳೇ ಯಂತ್ರಗಳನ್ನು ಬಿಟ್ಟುಕೊಳ್ಳುವುದು ನಿಲ್ಲಿಸಿತು. ಎರಡು ಹಂತದ ಪರಿಶೀಲನೆ ಆನ್ ಮಾಡಿ, 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಪಡೆದು ಮಷಿನ್ನಿಗೆ ಹಾಕಬೇಕು. ಇನ್ನೊಂದು, ಮಷಿನ್ನಿನ ಗಡಿಯಾರ. ಅದರ ತಾರೀಖು ತಪ್ಪಿದ್ದರೆ ಮೇಲ್ ಸರ್ವರಿನ ಭದ್ರತಾ ಪ್ರಮಾಣಪತ್ರ ಅವಧಿ ಮೀರಿದ್ದೆಂದೋ ಇನ್ನೂ ಶುರುವೇ ಆಗಿಲ್ಲವೆಂದೋ ತಿಳಿದು ಸಂಪರ್ಕ ಕಡಿದುಕೊಳ್ಳುತ್ತದೆ.

ಕೊನೆಗೆ ಕರೆಂಟಿನ ವಿಷಯ. ರೂಟರನ್ನು ಯುಪಿಎಸ್ ಮೇಲೆ ಹಾಕಿ. ಅದಕ್ಕೆ ಬೇಕಾಗುವ ವಿದ್ಯುತ್ ಬಹಳ ಕಡಿಮೆ, ವಿಳಾಸದ ಪಟ್ಟಿಯೂ ಉಳಿಯುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದೇ ಚಿಕ್ಕ ಯುಪಿಎಸ್‌ಗೆ ಜೋಡಿಸಬೇಡಿ. ಟೋನರ್ ಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯಬೇಕು. ಆ ಗಳಿಗೆಯಲ್ಲಿ ಅದು ಸಾವಿರ ವ್ಯಾಟ್ ಆಸುಪಾಸು ಎಳೆಯಬಹುದು. ಯುಪಿಎಸ್ ಟ್ರಿಪ್ ಆದರೆ ರೂಟರೂ ಆಫ್ ಆಗುತ್ತದೆ.