ಚೀಲದ ಬಾಯಿ ಬಿಚ್ಚಿ ನೋಡುವುದು

ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ‘ರಾಶಿ’ ಎಂಬ ಅಡಿಕೆಯ ದರ್ಜೆಯ ಹೆಸರು ಕೇಳಿಯೇ ಯಾರೂ ದರ ಹಾಕುವುದಿಲ್ಲ. ಚೀಲದ ಬಾಯಿ ಬಿಚ್ಚಿ, ಕೈ ಆಳಕ್ಕೆ ಇಳಿಸಿ, ಬೊಗಸೆ ತುಂಬ ಎತ್ತಿ, ಒಂದನ್ನು ಒಡೆದು ಒಳಗಿನ ಬಣ್ಣ ನೋಡಿದ ಮೇಲೆಯೇ ಮಾತು.

ಕಳೆದ ಸುಗ್ಗಿಯಲ್ಲಿ ಅಲ್ಲಿಗೆ ಸೋದರಮಾವನ ಜೊತೆ ಹೋಗಿದ್ದೆ. ಮಾತಿಗೆ ಮಾತು ಬಂದು ‘ಸಮಾಜವಾದ’ ಎಂದೆ. “ಅದೆಲ್ಲ ಕೆಂಪು ಬಾವುಟದೋರದ್ದು, ನಮಗ್ಯಾಕೆ ಮಾರಾಯ” ಎಂದುಬಿಟ್ಟರು ಮಾವ. ಅವರು ಅಡಿಕೆ ಹಾಕುವುದು ಮ್ಯಾಮ್‌ಕೋಸ್‌ಗೆ. 1939ರಲ್ಲಿ ಹುಟ್ಟಿದ ಸಹಕಾರ ಸಂಘ ಅದು, ಒಡೆಯರು ಬೆಳೆಗಾರರೇ. ಕಂಪನಿಯಲ್ಲಿ ಷೇರಿಗೊಂದು ವೋಟು. ಸಹಕಾರ ತತ್ತ್ವದಲ್ಲಿ ಷೇರು ಎಷ್ಟೇ ಇರಲಿ, ಆಳಿಗೊಂದೇ ವೋಟು. ಬಂಡವಾಳಶಾಹಿಗೆ ಪರ್ಯಾಯ ಎಂದು ಪುಸ್ತಕಗಳು ಚರ್ಚಿಸುವ ಸಂಗತಿಗಳಲ್ಲಿ ಇದೂ ಒಂದು.

ಚೀಲ ಬಿಚ್ಚದೆ ಹೆಸರಿಗೇ ದರ ಹಾಕುವುದು ಮಾವನೊಬ್ಬರದೇ ಕತೆಯಲ್ಲ. ಅಮೆರಿಕದ ಮನೋವಿಜ್ಞಾನಿ ಜೆಫ್ರಿ ಕೋಹೆನ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ವಿದ್ಯಾರ್ಥಿಗಳಿಗೆ ಬಡವರ ನೆರವಿನ ಯೋಜನೆಗಳನ್ನು ಓದಲು ಕೊಟ್ಟರು. ಒಂದು ಧಾರಾಳ, ಇನ್ನೊಂದು ಬಿಗಿ. ಪಕ್ಷದ ಹೆಸರಿಲ್ಲದಾಗ ಹೆಚ್ಚಿನವರು ತಮ್ಮ ನಂಬಿಕೆಗೆ ತಕ್ಕದ್ದನ್ನೇ ಮೆಚ್ಚಿದರು. ‘ನಿಮ್ಮ ಪಕ್ಷ ಇದರ ಪರ’ ಎಂದದ್ದೇ ತಡ, ಯೋಜನೆ ಯಾವುದಾದರೂ ಸರಿ, ಒಪ್ಪಿಕೊಂಡರು. ನನ್ನನ್ನು ತುಂಬ ಕಾಡುವುದು ಮುಂದಿನ ಮಾತು: ಕೇಳಿದರೆ, ತಾವು ವಿವರ ನೋಡಿಯೇ ತೀರ್ಮಾನಿಸಿದ್ದೇವೆ ಎಂದರು. ಅಂದರೆ ಹಣೆಪಟ್ಟಿ ನಮ್ಮ ಮೇಲೆ ಕೆಲಸ ಮಾಡಿದ್ದು ನಮಗೇ ತಿಳಿಯುವುದಿಲ್ಲ.

ಪಕ್ಷವೇ ಬೇಕೆಂದಿಲ್ಲ, ಒಂದು ಪದ ಸಾಕು. 1980ರ ದಶಕದ ಅಮೆರಿಕದ ಸಮೀಕ್ಷೆಗಳಲ್ಲಿ ‘ವೆಲ್‌ಫೇರ್’ಗೆ (ಬಡವರ ನೆರವಿಗೆ ಅಲ್ಲಿ ಬಳಸುವ ಪದ) ಸರ್ಕಾರದ ಖರ್ಚು ಸಾಲದು ಎಂದವರು ಸುಮಾರು ಕಾಲುಭಾಗ. ‘ಬಡವರಿಗೆ ನೆರವು’ ಎಂದು ಕೇಳಿದಾಗ ಶೇ. 60 ದಾಟಿತು.

ಹಣೆಪಟ್ಟಿ ಬೇರೆ ಬೇರೆ ಸರಕನ್ನು ಒಂದೇ ಚೀಲಕ್ಕೂ ತುಂಬುತ್ತದೆ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಜಗಳ ಶುರುವಾದದ್ದು ಯಾವ ‘ವಾದ’ದಿಂದಲೂ ಅಲ್ಲ, ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದು ಎಂಬುದರಿಂದ. ಅಲ್ಲಿಗೆ ಬಂದು ಬಂಧನಕ್ಕೊಳಗಾದ ರಾಮಮನೋಹರ ಲೋಹಿಯಾ ಸಮಾಜವಾದಿ. ಅವರೇ ಮರುವರ್ಷ ಪಕ್ಷದ ಸಮ್ಮೇಳನ ನಡೆದ ಮಧ್ಯಪ್ರದೇಶದ ಪಚ್‌ಮಢಿಯಲ್ಲಿ, ಬಂಡವಾಳಶಾಹಿಯೂ ಕಮ್ಯುನಿಸಮ್ಮೂ ನಮಗೆ ಒಂದೇ ಸಮ ಅಪ್ರಸ್ತುತ ಎಂದರು. ಎಲ್ಲಕ್ಕೂ ‘ಕೆಂಪು’ ಎಂದು ಒಂದೇ ಹಣೆಪಟ್ಟಿ ಹಚ್ಚಿದರೆ ಈ ವ್ಯತ್ಯಾಸವೇ ಕಾಣುವುದಿಲ್ಲ.

ಹಣೆಪಟ್ಟಿ ಪೂರಾ ವ್ಯರ್ಥ ಎನ್ನಲಾರೆ. ಎಲ್ಲ ಯೋಜನೆಯನ್ನೂ ಬುಡದಿಂದ ಓದಲು ಯಾರಿಗೆ ಪುರುಸೊತ್ತಿದೆ?

ಆವತ್ತು ಬಸ್ಸಿನಲ್ಲಿ ಮತ್ತೆ ಕೇಳಿದೆ, ಈ ಸಲ ‘ವಾದ’ ಬಿಟ್ಟು: “ಮಾವ, ಸಂಘದ ಹಾಗೆ ಕಾರ್ಖಾನೆಯಲ್ಲೂ ಕೆಲಸದೋರೇ ಒಡೆಯರು, ಆಳಿಗೊಂದೇ ವೋಟು ಅಂತಾದ್ರೆ?”

ಅವರು ಆಯನೂರು ದಾಟುವವರೆಗೂ ಸುಮ್ಮನಿದ್ದರು. ಆಮೇಲೆ ಕೇಳಿದರು: “ಲುಕ್ಸಾನು ಬಂದ ವರ್ಷ ಯಾರು ಹೊರೋದು?”